ತಾಯಿಯ ಪ್ರಶ್ನೆ ಮತ್ತು ಒಂದು ಹನಿ ರಕ್ತ

ಊಟಕ್ಕೆ ಮುಂಚೆ ಶಿಲುಬೆಯ ಗುರುತು ಹಾಕಿ ದೇವರಿಗೆ ವಂದಿಸುತ್ತೇವೆ. ನಮ್ಮ ತಟ್ಟೆಯ ಬೇಳೆ, ಮೀನು, ಮೊಟ್ಟೆಗಳಲ್ಲಿ ಪ್ರೋಟೀನು ಇದೆ. ಪ್ರೋಟೀನನ್ನು ಜಪಸರಕ್ಕೆ ಹೋಲಿಸಿದರೆ ಅಮೈನೋ ಆಮ್ಲಗಳು ಅದರ ಮಣಿಗಳು. ಈ ಮಣಿಗಳಲ್ಲಿ 20 ಬಗೆ. ಅವುಗಳಲ್ಲಿ 9 ಬಗೆಯನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಫಿನೈಲಲನೀನ್ ಅಂಥದೊಂದು.

ಆರು ಇಂಗಾಲದ ಪರಮಾಣುಗಳ ಉಂಗುರ ಇದರ ಗುರುತು. ಯಕೃತ್ತಿನ ಒಂದು ಕಿಣ್ವ ಆ ಉಂಗುರಕ್ಕೆ ಒಂದು ಆಮ್ಲಜನಕದ ಪರಮಾಣುವನ್ನು ಸೇರಿಸಿ ಟೈರೋಸಿನ್ ಆಗಿ ಮಾರ್ಪಡಿಸುತ್ತದೆ. ಟೈರೋಸಿನ್‌ನಿಂದ ಅಡ್ರಿನಲಿನ್, ಥೈರಾಯ್ಡ್ ಹಾರ್ಮೋನು, ಚರ್ಮ ಮತ್ತು ಕೂದಲಿನ ಬಣ್ಣ ಉಂಟಾಗುತ್ತವೆ.

ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡುವುದಿಲ್ಲ. ಆಗ ಫಿನೈಲಲನೀನ್ ರಕ್ತದಲ್ಲಿ ಶೇಖರವಾಗಿ ಮೆದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಹುಟ್ಟಿದಾಗ ಮಗು ಆರೋಗ್ಯವಾಗಿಯೇ ಕಾಣುತ್ತದೆ. ತಾಯಿಯ ಹಾಲೇ ಅದಕ್ಕೆ ಭಾರವಾಗುತ್ತಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಇದು ಬೆಳಕಿಗೆ ಬಂದದ್ದು ನಾರ್ವೆ ದೇಶದ ಒಬ್ಬ ತಾಯಿಯಿಂದ. ಅವಳ ಇಬ್ಬರು ಮಕ್ಕಳೂ ಬುದ್ಧಿಮಾಂದ್ಯರಾಗಿದ್ದರು. ಅವರ ಮೈಯಿಂದ ವಿಚಿತ್ರ ವಾಸನೆ ಬರುತ್ತಿತ್ತು. ಕಾರಣ ತಿಳಿಯದೆ ಅವಳು ಸುಮ್ಮನಾಗಲಿಲ್ಲ. 1934ರಲ್ಲಿ ಓಸ್ಲೋದ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಆ ಜಾಡು ಹಿಡಿದು ಅವರು ರೋಗದ ಮೂಲವನ್ನು ಮುಟ್ಟಿದರು. ಇಂದು ಅದರ ಹೆಸರು ಫಿನೈಲ್‌ಕೀಟೋನೂರಿಯಾ.

ಆ ಮಕ್ಕಳಿಗೆ ಕಾಲ ಮೀರಿತ್ತು. ಆದರೆ 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಫಿನೈಲಲನೀನ್ ಕಡಿಮೆಯಿರುವ ಪಥ್ಯದಿಂದ ಪ್ರಯೋಜನವಿದೆಯೆಂದು ತೋರಿಸಿದರು. ಪೂರ್ತಿ ನಿಲ್ಲಿಸುವಂತಿಲ್ಲ, ಏಕೆಂದರೆ ಬೆಳೆಯುವ ದೇಹಕ್ಕೆ ಅದು ಬೇಕೇ ಬೇಕು. ಅಳತೆ ಮಾಡಿ ಕೊಡಬೇಕು. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ, ಶಿಶುವಿನ ಹಿಮ್ಮಡಿಯ ರಕ್ತದ ಹನಿಯಿಂದ ರೋಗ ಪತ್ತೆಹಚ್ಚುವ ವಿಧಾನವನ್ನು ಬಳಕೆಗೆ ತಂದರು. ಬುದ್ಧಿಮಾಂದ್ಯನಾದ ಮಗನ ತಂದೆ ಅವರು. ಮೊದಲ ವಾರಗಳಲ್ಲೇ ಪಥ್ಯ ಆರಂಭಿಸಿದರೆ ಮಗು ಇತರರಂತೆ ಕಲಿತು ಬೆಳೆಯಬಲ್ಲದು.

ಇಂಥ ಮಗು ಹುಟ್ಟಿದಾಗ ತಾಯಿಯನ್ನು ದೂರುವವರು ನಮ್ಮಲ್ಲಿ ಇಲ್ಲದಿಲ್ಲ. ಈ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ರೋಗ ಬರುತ್ತದೆ. ಅವರಿಬ್ಬರೂ ಆರೋಗ್ಯವಂತರೇ ಆಗಿರುತ್ತಾರೆ. ರಕ್ತಸಂಬಂಧದ ಮದುವೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಧರ್ಮಸಭೆ ಹತ್ತಿರದ ಸಂಬಂಧದ ವಿವಾಹಕ್ಕೆ ವಿನಾಯಿತಿ ಪಡೆಯಬೇಕೆಂದು ಹೇಳುವಾಗ ಇದನ್ನೂ ನೆನೆಯೋಣ. ಆದರೆ ಹುಟ್ಟುಕುರುಡನನ್ನು ಕಂಡು ಯಾರ ಪಾಪವೆಂದು ಶಿಷ್ಯರು ಕೇಳಿದಾಗ, ಪ್ರಭು ಯೇಸು ಯಾರನ್ನೂ ದೂರಲಿಲ್ಲ. ಅವನ ಕಣ್ಣು ತೆರೆದರು.

ನಮ್ಮ ದೇಶದ ಎಲ್ಲ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಮನೆಯಲ್ಲಿ ಮಗು ಹುಟ್ಟುವುದಿದ್ದರೆ ವೈದ್ಯರನ್ನು ಮೊದಲೇ ಕೇಳಿರಿ. ಕೇಳುವುದು ವಿಶ್ವಾಸದ ಕೊರತೆಯಲ್ಲ. ಆ ನಾರ್ವೆಯ ತಾಯಿ ಕೇಳಿದ್ದರಿಂದಲೇ ಇಂದು ಎಷ್ಟೋ ಮನೆಗಳ ಮಕ್ಕಳು ತಾವಾಗಿ ತಮ್ಮ ಪ್ರಾರ್ಥನೆಯನ್ನು ಹೇಳುತ್ತಿದ್ದಾರೆ.