ಬೆಂಕಿ ಗಾಡಿ ಎಲ್ಲಿ ನಿಲ್ಲಬೇಕು? ಒಂದು ಸಣ್ಣ ಲೆಕ್ಕ

ಡೇಟಾ ಅನಲಿಟಿಕ್ಸ್ ಅಂದ ಕೂಡಲೇ ನಮಗೆ ನೆನಪಾಗೋದು ಕ್ರಿಕೆಟ್ಟು, ಶಾಪಿಂಗ್ ಆ್ಯಪ್. ಅದೇ ಲೆಕ್ಕ ಬೆಂಕಿ ಆರಿಸೋಕೂ ಬೇಕು. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಕಡೆಯನ್ನೇ ತಗೊಳ್ಳಿ. ಭದ್ರಾ ನಾಲೆಯ ನೀರು, ಭತ್ತ, ಅಡಿಕೆ ತೋಟ. ಕೊಯ್ಲಾದ ಮೇಲೆ ಹುಲ್ಲಿನ ಬಣವೆ ಒಟ್ಟುತ್ತಾರೆ. ಅದಕ್ಕೊಂದು ಕಿಡಿ ತಗುಲಿದರೆ ದನಗಳ ವರ್ಷದ ಮೇವೇ ಬೂದಿ.

20 ನಿಮಿಷ ಅಂದರೆ ಎಷ್ಟು ದೂರ?

ಇಲ್ಲಿ ಮುಖ್ಯವಾದ ಸಂಖ್ಯೆ ರೆಸ್ಪಾನ್ಸ್ ಟೈಮ್, ಅಂದರೆ ಕರೆ ಬಂದಾಗಿನಿಂದ ಗಾಡಿ ಸ್ಥಳ ಮುಟ್ಟುವವರೆಗಿನ ಸಮಯ. ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿಯ ಮಾನದಂಡದಲ್ಲಿ ಹಳ್ಳಿಗಳಿಗೆ ಇದು 20 ನಿಮಿಷ. ಸಿಬ್ಬಂದಿ ಹೊರಡೋಕೆ 2 ನಿಮಿಷ ಕಳೆಯಿರಿ, 18 ಉಳಿಯಿತು. ನೀರು ತುಂಬಿದ ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಅಷ್ಟರಲ್ಲಿ ಮುಟ್ಟೋದು 12 ಕಿ.ಮೀ. ಮಾತ್ರ.

ಸರಾಸರಿ ಏನನ್ನು ಮುಚ್ಚಿಡುತ್ತೆ?

ಲೆಕ್ಕಕ್ಕಾಗಿ ಒಂದೇ ರಸ್ತೆಯಲ್ಲಿ ಮೂರು ಊರು ಇವೆ ಅಂದುಕೊಳ್ಳೋಣ:

- ಊರು ಅ: 0 ಕಿ.ಮೀ., ವರ್ಷಕ್ಕೆ 12 ಕರೆ
- ಊರು ಆ: 10 ಕಿ.ಮೀ., 6 ಕರೆ
- ಊರು ಇ: 22 ಕಿ.ಮೀ., 2 ಕರೆ

ಗಾಡಿ 'ಅ'ದಲ್ಲಿದ್ದರೆ ಪ್ರತಿ ಕರೆಗೆ ಸರಾಸರಿ ದೂರ 5.2 ಕಿ.ಮೀ.; 'ಆ'ದಲ್ಲಿದ್ದರೆ 7.2. ಸರಾಸರಿ ನೋಡಿದರೆ 'ಅ'ನೇ ಗೆಲ್ಲುತ್ತೆ. ಆದರೆ ಅಲ್ಲಿಂದ 'ಇ' ತಲುಪೋಕೆ 35 ನಿಮಿಷ ಬೇಕು! 'ಆ'ದಲ್ಲಿಟ್ಟರೆ ಮೂರೂ ಊರು 20 ನಿಮಿಷದೊಳಗೆ ಬರುತ್ತವೆ. ನಿಗದಿತ ಸಮಯದೊಳಗೆ ಆದಷ್ಟು ಹೆಚ್ಚು ಜನರನ್ನು ತಲುಪುವ ಜಾಗ ಹುಡುಕುವ ಈ ವಿಧಾನಕ್ಕೆ ಮ್ಯಾಕ್ಸಿಮಲ್ ಕವರಿಂಗ್ ಅಂತಾರೆ. ಚರ್ಚ್ ಮತ್ತು ರೆವೆಲ್ ಇದನ್ನು 1974ರಲ್ಲಿ ರೂಪಿಸಿದರು.

ದಾಖಲಾಗದ ಬೆಂಕಿ

'ಇ' ಊರಿಂದ ಬರೀ 2 ಕರೆ ಯಾಕೆ? ಅಲ್ಲಿ ಬೆಂಕಿ ಕಡಿಮೆ ಅಂತಲೇ ಇರಬೇಕಾಗಿಲ್ಲ. 'ಗಾಡಿ ಬರೋಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ' ಅಂತ ಜನ ಕೊಡ, ಪಂಪ್‌ಸೆಟ್ ಹಿಡಿದು ತಾವೇ ಆರಿಸಿಕೊಂಡಿರಬಹುದು. ಕರೆ ಇಲ್ಲದಿದ್ದರೆ ದಾಖಲೆ ಇಲ್ಲ, ದಾಖಲೆ ಇಲ್ಲದಿದ್ದರೆ ಗಾಡಿಯೂ ಇಲ್ಲ. ದೂರದ ಊರು ದೂರವೇ ಉಳಿಯುತ್ತೆ.

ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ನ್ಯೂಯಾರ್ಕ್ ಸಾಕ್ಷಿ. 1970ರ ದಶಕದಲ್ಲಿ ಆ ನಗರ ರ್ಯಾಂಡ್ ಸಂಸ್ಥೆಯ ಗಣಿತ ಮಾದರಿಗಳನ್ನು ಬಳಸಿ, ಬೆಂಕಿ ಹೆಚ್ಚಿದ್ದ ಬಡವರ ಪ್ರದೇಶಗಳಲ್ಲೂ ಅಗ್ನಿಶಾಮಕ ತಂಡಗಳನ್ನು ಕಡಿಮೆ ಮಾಡಿತು. ಟ್ರಾಫಿಕ್ಕನ್ನು, ಗಾಡಿ ಬೇರೆ ಬೆಂಕಿಗೆ ಹೋಗಿರುವ ಸಾಧ್ಯತೆಯನ್ನು ಆ ಲೆಕ್ಕ ಸರಿಯಾಗಿ ಹಿಡಿಯಲಿಲ್ಲ ಅನ್ನೋದು ಆಮೇಲೆ ಬಂದ ದೊಡ್ಡ ಟೀಕೆ.

ನಾವೇನು ಮಾಡಬಹುದು?

ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಎಕ್ಸೆಲ್ ಶೀಟ್ ಸಾಕು. ಪ್ರತಿ ಬೆಂಕಿಗೂ ದಿನ, ಜಾಗ, ಕರೆ ಮಾಡಿದ ಸಮಯ, ಗಾಡಿ ಬಂದ ಸಮಯ, ಸುಟ್ಟಿದ್ದೇನು, ಹತ್ತಿರದ ನೀರು ಎಲ್ಲಿ ಅಂತ ಬರೆಯಬೇಕು. ನಾಲೆಯಲ್ಲಿ ವರ್ಷಪೂರ್ತಿ ನೀರಿರಲ್ಲ, ಹಾಗಾಗಿ ಕೊನೇ ಕಾಲಂ ತುಂಬಾ ಮುಖ್ಯ. ಕರೆ ಮಾಡದೆ ಆರಿಸಿದ ಬೆಂಕಿಯೂ ಪಂಚಾಯ್ತಿ ಮಟ್ಟದಲ್ಲಿ ದಾಖಲಾಗಲಿ. ಯಾವ ತಿಂಗಳು ಬೆಂಕಿ ಜಾಸ್ತಿ ಅಂತ ಗೊತ್ತಾದರೆ, ಹೊಸ ಠಾಣೆ ಕಟ್ಟದೆಯೇ ಆ ತಿಂಗಳು ಮಾತ್ರ ಒಂದು ಗಾಡಿಯನ್ನು ನಡುವಿನ ಊರಲ್ಲಿ ನಿಲ್ಲಿಸಬಹುದು.

ಹಾಗಾಗಿ ಬೆಂಕಿ ಕಂಡರೆ, ಊರು ಎಷ್ಟೇ ದೂರ ಇದ್ದರೂ 112 ಅಥವಾ 101ಕ್ಕೆ ಕರೆ ಮಾಡಿ. ಆ ಕರೆಯಿಂದಲೇ ನಿಮ್ಮೂರು ಲೆಕ್ಕಕ್ಕೆ ಬರುತ್ತೆ.