ಡಿಸ್ಕಿಗೆ ಕೈ ಹಾಕುವ ಮುನ್ನ: ಲಿನಕ್ಸ್ ಹಾಕಿಕೊಳ್ಳುವ ಹೊಸಬರಿಗೆ

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಲಸೂರಿನ ಅಂಗಡಿ, ಮನೆಗಳಲ್ಲಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಯಾವುದೋ ಕಂಪನಿಯಲ್ಲಿ ದುಡಿದು, ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಿಸಿದವು. ಪ್ರೊಸೆಸರ್ ಹಳೆಯದು ಎಂಬ ಕಾರಣಕ್ಕೆ ವಿಂಡೋಸ್ 11 ಅವುಗಳಲ್ಲಿ ಹಲವನ್ನು ಒಪ್ಪುವುದಿಲ್ಲ. ಯಂತ್ರ ಮಾತ್ರ ಇನ್ನೂ ಗಟ್ಟಿಮುಟ್ಟು. ಅಂಥದ್ದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ ಎಂದು ನಾನು ಹೇಳುತ್ತೇನೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಭಾಷೆ, ಕೀಬೋರ್ಡ್ ಆರಿಸುವವರೆಗೆ ಯಾರೂ ತಡವರಿಸುವುದಿಲ್ಲ. ‘ಸಮ್‌ಥಿಂಗ್ ಎಲ್ಸ್’ ಒತ್ತಿದಾಗ ಬರುವ ಪಾರ್ಟಿಷನ್ ಪಟ್ಟಿ ಕಂಡಾಗಲೇ ಮೌಸ್ ಹಿಡಿದ ಕೈ ನಿಂತುಬಿಡುತ್ತದೆ.

ಅಲ್ಲಿಗೆ ಹೋಗುವ ಮುಂಚೆ ವಿಂಡೋಸ್‌ನಲ್ಲೇ ಕೊಂಚ ಕೆಲಸವಿದೆ. ಫೋಟೊ, ಬಿಲ್ಲು, ಮಾರ್ಕ್ಸ್ ಕಾರ್ಡ್ ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಅದನ್ನು ಆಫ್ ಮಾಡಿ, ಫಾಸ್ಟ್ ಸ್ಟಾರ್ಟ್‌ಅಪ್ ಕೂಡ ತೆಗೆಯಿರಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಅನ್ನು ಶ್ರಿಂಕ್ ಮಾಡಿ. ಸಿಕ್ಕ ಜಾಗವನ್ನು ಹಾಗೇ ಖಾಲಿ ಬಿಡಿ, ಅದಕ್ಕೆ ಡಿ ಡ್ರೈವ್ ಎಂದು ಹೆಸರಿಡಲು ಹೋಗಬೇಡಿ. ಸೆಕೆಂಡ್ ಹ್ಯಾಂಡ್ ಬ್ಯಾಟರಿಯನ್ನು ನಂಬುವ ಹಾಗಿಲ್ಲ. ಚಾರ್ಜರ್ ಸಿಕ್ಕಿಸಿಯೇ ಕೂರಿ.

ಈಗ ಪಟ್ಟಿ. ಮೊದಲು ನೋಡಬೇಕಾದ್ದು ಸೈಜ್ ಕಾಲಂ. ಎನ್‌ವಿಎಂಇ ಡಿಸ್ಕ್ ಇರುವ ಯಂತ್ರದಲ್ಲಿ ಎಸ್‌ಡಿಎ ಎಂದು ತೋರಿಸುವುದು ನಿಮ್ಮ ಪೆನ್‌ಡ್ರೈವ್ ಇರಬಹುದು. ಹೆಸರನ್ನು ಬಾಯಿಪಾಠ ಮಾಡಿ ಬಂದವರು ಎಡವುವುದು ಇಲ್ಲೇ. ಅಳತೆ ನೋಡಿ ಗುರುತಿಸಿದರೆ ತಪ್ಪುವುದಿಲ್ಲ. ‘ಸರ್, ಬಿಲ್ಲಿನಲ್ಲಿ 256 ಜಿಬಿ, ವಿಂಡೋಸ್‌ನಲ್ಲಿ 238, ಇಲ್ಲಿ ನೋಡಿದ್ರೆ 2,56,060 ಎಂಬಿ. ಅಂಗಡಿಯವರು ಮೋಸ ಮಾಡಿದ್ರಾ?’ ಎಂದು ಕೇಳುವವರಿದ್ದಾರೆ. ಮೋಸವಿಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಪಟ್ಟಿಯ ಮೇಲುಭಾಗದಲ್ಲಿ ನೂರಿನ್ನೂರು ಎಂಬಿಯ ಪುಟ್ಟ ಇಎಫ್‌ಐ ಪಾರ್ಟಿಷನ್ ಇರುತ್ತದೆ. ಯಂತ್ರ ಆನ್ ಆದಾಗ ಮೊದಲು ಹುಡುಕುವ ಬೂಟ್ ಫೈಲುಗಳು ಇರುವುದು ಅದರಲ್ಲಿ. ಹಳೇ ವಠಾರದಲ್ಲಿ ಎಲ್ಲ ಮನೆಗಳಿಗೂ ಒಂದೇ ನಲ್ಲಿ ಇದ್ದ ಹಾಗೆ, ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದನ್ನೇ ಹಂಚಿಕೊಳ್ಳುತ್ತವೆ. ಹಾಗಾಗಿ ಅದರ ‘ಫಾರ್ಮ್ಯಾಟ್’ ಚೌಕಕ್ಕೆ ಟಿಕ್ ಹಾಕಬಾರದು. ಹಾಕಿದರೆ ಸಿ ಡ್ರೈವ್‌ನಲ್ಲಿ ಎಲ್ಲ ಇದ್ದೂ ವಿಂಡೋಸ್ ಏಳುವುದಿಲ್ಲ.

ಖಾಲಿ ಜಾಗದ ಮೇಲೆ ಕ್ಲಿಕ್ ಮಾಡಿ, ಕೆಳಗಿನ ಪ್ಲಸ್ ಗುರುತು ಒತ್ತಿ. ಮೊದಲನೆಯದು ಸಿಸ್ಟಮ್ ಕೂರುವ ರೂಟ್: ಇಎಕ್ಸ್‌ಟಿ4, ಮೌಂಟ್ ಪಾಯಿಂಟ್ ಬರೀ ಒಂದು ಓರೆಗೆರೆ. 40 ಜಿಬಿ ಸಾಕು ಎನ್ನುವವರಿದ್ದಾರೆ. ಸಿಸ್ಟಮ್ ಬ್ಯಾಕಪ್ ಆದ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್‌ಗಳೂ ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳೂ ಅಲ್ಲೇ ಬಂದು ಕೂರುವುದರಿಂದ 60 ಕೊಡುವುದೇ ಲೇಸು ಎಂಬುದು ನನ್ನ ಮಾತು. ಸ್ವಾಪ್ ಪಾರ್ಟಿಷನ್ ಮಾಡದಿದ್ದರೂ ನಡೆಯುತ್ತದೆ, ಮಿಂಟ್ ತಾನೇ ಒಂದು ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಮಿಕ್ಕಿದ್ದೆಲ್ಲ ನಿಮ್ಮ ಫೈಲುಗಳಿರುವ ಹೋಮ್‌ಗೆ, ಅದೂ ಇಎಕ್ಸ್‌ಟಿ4. ಹೋಮ್ ಬೇರೆ ಯಾಕೆ? ನಾಳೆ ರೂಟ್ ಕೆಟ್ಟು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿ ಬಂದರೆ ಅದನ್ನಷ್ಟೇ ಫಾರ್ಮ್ಯಾಟ್ ಮಾಡಿ, ಹೋಮ್‌ಗೆ ಟಿಕ್ ಹಾಕದೆ ಮೌಂಟ್ ಪಾಯಿಂಟ್ ಮಾತ್ರ ತೋರಿಸಿದರೆ ಆಯಿತು. ಫೈಲುಗಳು ಇದ್ದ ಹಾಗೇ ಇರುತ್ತವೆ. 128 ಜಿಬಿಯ ಪುಟ್ಟ ಡಿಸ್ಕಾದರೆ ಈ ಹಟ ಬಿಡಿ, ಎಲ್ಲವನ್ನೂ ರೂಟ್‌ನಲ್ಲೇ ಇಡಿ.

ಹೀಗೆ ಹೊಸದಾಗಿ ಸೇರಿಸಿದ್ದೆಲ್ಲ ಇನ್ನೂ ಬರೀ ಯೋಜನೆ. ‘ಇನ್‌ಸ್ಟಾಲ್ ನೌ’ ಒತ್ತಿ, ಮುಂದಿನ ಪ್ರಶ್ನೆಗೆ ಒಪ್ಪುವ ತನಕ ಡಿಸ್ಕಿಗೆ ಅದು ಇಳಿಯುವುದಿಲ್ಲ. ಹಳೆಯ ಪಾರ್ಟಿಷನ್‌ನ ಅಳತೆ ಬದಲಿಸುವುದು ಮಾತ್ರ ಇದಕ್ಕೆ ಹೊರತು, ಅದನ್ನು ಆಗಲೇ ಬರೆದುಬಿಡುತ್ತದೆ. ಶ್ರಿಂಕ್ ಕೆಲಸವನ್ನು ವಿಂಡೋಸ್‌ನಲ್ಲೇ ಮುಗಿಸಿಕೊಂಡು ಬನ್ನಿ ಎಂದದ್ದು ಅದಕ್ಕೇ. ಕೊನೆಯಲ್ಲಿ ಯಾವ ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ ಎಂದು ಒಂದು ಪುಟ್ಟ ಕಿಟಕಿ ಹೇಳುತ್ತದೆ. ಗಟ್ಟಿಯಾಗಿ ಓದಿ. ನೀವು ಮಾಡಿದ ಎರಡು ಹೆಸರು ಬಿಟ್ಟು ಮೂರನೆಯದು ಕಂಡರೆ ‘ಗೋ ಬ್ಯಾಕ್’ ಒತ್ತಿ.

ರೀಸ್ಟಾರ್ಟ್ ಆದಾಗ ಲಿನಕ್ಸೋ ವಿಂಡೋಸೋ ಎಂದು ಕೇಳುವ ಗ್ರಬ್ ಮೆನು ಬರಬೇಕು. ನೇರ ವಿಂಡೋಸ್‌ಗೇ ಹೋದರೆ ಗಾಬರಿ ಬೇಡ, ಬಯಾಸ್‌ನಲ್ಲಿ ಬೂಟ್ ಕ್ರಮ ಬದಲಿಸಿ ಲಿನಕ್ಸ್‌ನ ಸಾಲನ್ನು ಮೇಲಕ್ಕೆ ತನ್ನಿ.