ರುಕ್ಖದೇವತೆ ಎಲ್ಲಿಂದ ಬಂದಳು?

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮೂವರು ಮೊಮ್ಮಕ್ಕಳಲ್ಲಿ ಒಬ್ಬ ನಮ್ಮೊಂದಿಗಿದ್ದಾನೆ, ಒಬ್ಬಳು ಸಾಗರದಲ್ಲಿ, ಇನ್ನೊಬ್ಬ ತೀರ್ಥಹಳ್ಳಿಯಲ್ಲಿ ಓದುತ್ತಿದ್ದಾರೆ. ಭಾನುವಾರ ಬಂತೆಂದರೆ ಮೂವರೂ ತಮ್ಮ ತಮ್ಮ ಮೊಬೈಲಿನಲ್ಲಿ ಒಂದೇ ಆಟದೊಳಗೆ ಸೇರಿಕೊಳ್ಳುತ್ತಾರೆ. 'ಗೆನ್ಶಿನ್ ಇಂಪ್ಯಾಕ್ಟ್' ಅಂತ ಅದರ ಹೆಸರು. ಮೊನ್ನೆ ಪಕ್ಕದಲ್ಲಿ ಕೂತು ನೋಡುತ್ತಿದ್ದಾಗ 'ರುಕ್ಖದೇವತಾ' ಎಂಬ ಮಾತು ಕಿವಿಗೆ ಬಿತ್ತು. ಚೀನಾದವರ ಆಟಕ್ಕೆ ಈ ಹೆಸರು ಹೇಗೆ ಬಂತು? ಅದೇ ದಿನ ಮೊಮ್ಮಗ ಆಟಕ್ಕೆಂದು ದುಡ್ಡು ಕೇಳಿದ. ಈ ಆಟದಲ್ಲಿ ಒಳ್ಳೆಯದೇನು, ಕೆಟ್ಟದ್ದೇನು, ತಿಳಿಸುವಿರಾ?

ಉತ್ತರ: ನೀವು ಕೇಳಿಸಿಕೊಂಡದ್ದು ಸರಿಯಾಗಿಯೇ ಇದೆ. 'ರುಕ್ಖ' ಪಾಲಿ ಶಬ್ದ, ಸಂಸ್ಕೃತದಲ್ಲಿ 'ವೃಕ್ಷ'. ರುಕ್ಖದೇವತಾ ಎಂದರೆ ಮರದಲ್ಲಿ ನೆಲೆಸಿರುವ ದೇವತೆ. ಬೌದ್ಧರ ಜಾತಕ ಕಥೆಗಳಲ್ಲಿ ಇಂಥ ದೇವತೆಗಳು ಮತ್ತೆ ಮತ್ತೆ ಬರುತ್ತಾರೆ. ನಿಮ್ಮ ಮೊಮ್ಮಕ್ಕಳ ಆಟದಲ್ಲಿ ರುಕ್ಖದೇವತೆಯ ನಂತರ ಒಬ್ಬ ಪುಟ್ಟ ದೇವತೆ ಬರುತ್ತಾಳೆ, ಅವಳ ಹೆಸರು ಕುಸನಾಳಿ. ಅದೂ ಜಾತಕದ ಹೆಸರೇ. 121ನೆಯ ಜಾತಕದ ಹೆಸರು ಕುಸನಾಳಿ ಜಾತಕ. ರಾಜನ ಅರಮನೆಯ ಕಂಬ ಶಿಥಿಲವಾಗಿರುತ್ತದೆ. ಬದಲಿ ಕಂಬಕ್ಕಾಗಿ ಬಡಗಿಗಳು ಉದ್ಯಾನದ ದೊಡ್ಡ ಮರವನ್ನು ಕಡಿಯಲು ಗೊತ್ತುಮಾಡುತ್ತಾರೆ. ಮರದ ದೇವತೆ ಮಕ್ಕಳನ್ನು ತಬ್ಬಿಕೊಂಡು ಅಳುತ್ತಾಳೆ. ಪಕ್ಕದಲ್ಲೇ ಇದ್ದ ದರ್ಭೆಯ ಬುಡದ ದೇವತೆ ಗೋಸುಂಬೆಯ ರೂಪ ತಾಳಿ, ಬೇರಿನಿಂದ ಕೊಂಬೆಯವರೆಗೆ ಓಡಾಡಿ, ಮರವೆಲ್ಲ ಟೊಳ್ಳು ಎಂದು ಬಡಗಿಗಳಿಗೆ ತೋರುವಂತೆ ಮಾಡುತ್ತದೆ. ಅವರು ಮರ ಬಿಟ್ಟು ಹೋಗುತ್ತಾರೆ. ಆಟದಲ್ಲೂ ಜನರ ಲೆಕ್ಕದಲ್ಲಿ ಮರದ ದೇವತೆ ದೊಡ್ಡವಳು, ಕುಸನಾಳಿ ಚಿಕ್ಕವಳು. ಕೊನೆಗೆ ಯಾರು ಯಾರನ್ನು ಕಾಪಾಡುತ್ತಾರೆ ಎನ್ನುವುದನ್ನು ನಾನು ಹೇಳುವುದಿಲ್ಲ. ಅದನ್ನು ಮೊಮ್ಮಕ್ಕಳೇ ನಿಮಗೆ ಹೇಳಲಿ.

ಈ ಕಥೆ ನಡೆಯುವ ದೇಶದ ಹೆಸರು ಸುಮೇರು. ಅದನ್ನು ಆಟಕ್ಕೆ ಸೇರಿಸಿದ್ದು 2022ರ ಆಗಸ್ಟ್‌ನಲ್ಲಿ. ಅದರ ಕಾಡಿನಲ್ಲಿ 'ಅರಣ್ಯಕ' ಎಂಬ ಉದ್ದನೆಯ ಉಪಕಥೆಯಿದೆ. ಅಲ್ಲಿ ಅರನಾರ ಎಂಬ ಪುಟ್ಟ ವನವಾಸಿಗಳಿದ್ದಾರೆ. ಅವರ ಊರಿಗೆ ವನರಾನ ಎಂದು ಹೆಸರು. ಕಾಡನ್ನು ಬೂದು ಬಣ್ಣಕ್ಕೆ ತಿರುಗಿಸಿ ಒಣಗಿಸುವ ಪಿಡುಗನ್ನು ಅವರು 'ಮರಣ' ಎನ್ನುತ್ತಾರೆ. ಮದ್ದಾಗಿ ಹುಡುಕುವ ಹಣ್ಣಿಗೆ 'ಬೀಜ' ಎನ್ನುತ್ತಾರೆ. ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಆಡುವ ಬೇರೆ ದೇಶದ ಮಕ್ಕಳಿಗೆ ಇವು ಬರೀ ವಿಚಿತ್ರ ಸದ್ದುಗಳು. ಕನ್ನಡದ ಮಗುವಿಗೆ ಮಾತ್ರ ಅರ್ಥ ಮೊದಲೇ ಗೊತ್ತು. ಕಾನು, ಚೌಡಿ ಬನ, ನಾಗಬನಗಳ ನಡುವೆ ಬೆಳೆದ ಮಗುವಿಗೆ, ಅಡಿಕೆ ತೋಟಕ್ಕೆ ಎಲೆಚುಕ್ಕಿ ಬಂದು ಸೋಗೆ ಒಣಗುವುದನ್ನು ಮನೆಯಂಗಳದಿಂದಲೇ ಕಂಡ ಮಗುವಿಗೆ, ಆ ಬೂದು ಕಾಡನ್ನು ಮತ್ತೆ ಹಸಿರು ಮಾಡುವ ಆಟ ಬೇರೆ ಯಾರಿಗೂ ತಟ್ಟದ ಹಾಗೆ ತಟ್ಟೀತು. ಈ ಆಟದ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಇಲ್ಲಿಯೇ.

ಇನ್ನು ಆಟದ ಪರಿಚಯ. ಶಾಂಘೈನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮೂವರು ಗೆಳೆಯರು 2012ರಲ್ಲಿ ಮಿಹೊಯೋ ಎಂಬ ಸಂಸ್ಥೆ ಕಟ್ಟಿದರು. ಅವರ ಈ ಆಟ 2020ರ ಸೆಪ್ಟೆಂಬರ್ 28ರಂದು ಹೊರಬಂತು. ಆಗ ಕೋವಿಡ್‌ನಿಂದ ಶಾಲೆ ಮುಚ್ಚಿತ್ತು. ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲ್ ಬಂದಿತ್ತು. ನೆಟ್‌ವರ್ಕ್ ಹುಡುಕಿಕೊಂಡು ನಮ್ಮ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ ವರ್ಷ ಅದು. ಚಿತ್ರದ ಶೈಲಿ ಜಪಾನಿನ ಅನಿಮೆಯದು: ದೊಡ್ಡ ಕಣ್ಣು, ಗಾಳಿಗೆ ಹಾರುವ ಕೂದಲು, ಬಣ್ಣಬಣ್ಣದ ಉಡುಪು. ಕಳೆದುಹೋದ ಒಡಹುಟ್ಟನ್ನು ಹುಡುಕುತ್ತ ದೇಶದಿಂದ ದೇಶಕ್ಕೆ ನಡೆಯುವ ಯಾತ್ರಿಕನೊಬ್ಬನ ಕಥೆ. ನಾಲ್ಕು ಪಾತ್ರಗಳ ತಂಡ ಕಟ್ಟಿಕೊಂಡು, ಹೋರಾಟದ ನಡುವೆ ಒಬ್ಬರ ಬದಲಿಗೆ ಇನ್ನೊಬ್ಬರನ್ನು ಮುಂದೆ ತರುತ್ತ ಆಡಬೇಕು.

ಹೋರಾಟದ ಜೀವಾಳ ಏಳು ತತ್ತ್ವಗಳು: ಗಾಳಿ, ಕಲ್ಲು, ಮಿಂಚು, ಗಿಡ, ನೀರು, ಬೆಂಕಿ, ಹಿಮ. ಒಂದಕ್ಕೆ ಇನ್ನೊಂದು ಸೇರಿದರೆ ಹೊಸದೇನೋ ಹುಟ್ಟುತ್ತದೆ. ನೀರಿಗೆ ಹಿಮ ತಾಗಿದರೆ ಶತ್ರು ಹೆಪ್ಪುಗಟ್ಟುತ್ತಾನೆ, ಬೆಂಕಿಗೆ ಮಿಂಚು ಸೇರಿದರೆ ಸ್ಫೋಟ. ಮಳೆ ಬಂದರೆ ಎಲ್ಲರೂ ಒದ್ದೆಯಾಗುತ್ತಾರೆ, ಆಗ ಮಿಂಚಿನ ಪಾತ್ರಕ್ಕೆ ಬಲ ಹೆಚ್ಚು, ಒದ್ದೆ ಹುಲ್ಲಿಗೆ ಬೆಂಕಿ ಹತ್ತುವುದಿಲ್ಲ. ಹುಲಿಕಲ್ಲು, ಆಗುಂಬೆಯ ಮಳೆ ಕಂಡವರಿಗೆ ಈ ನಿಯಮವನ್ನು ಯಾರೂ ವಿವರಿಸಬೇಕಾಗಿಲ್ಲ. ಕಂಡ ಬೆಟ್ಟವನ್ನೆಲ್ಲ ಹತ್ತಬಹುದು, ತುದಿಯಿಂದ ರೆಕ್ಕೆ ಬಿಚ್ಚಿ ತೇಲಬಹುದು. ಈ ಭಾಗವನ್ನು ಜಪಾನಿನ ನಿಂಟೆಂಡೊ ಸಂಸ್ಥೆ 2017ರಲ್ಲಿ ತಂದ ಜೆಲ್ಡಾ ಆಟದಿಂದ ಎತ್ತಿಕೊಂಡದ್ದು ಎಂಬ ಆರೋಪ ಮೊದಲ ದಿನದಿಂದಲೂ ಇದೆ. ಆಟ ಹೊರಬರುವ ಮೊದಲೇ, 2019ರಲ್ಲಿ ಶಾಂಘೈನ ಮೇಳವೊಂದರಲ್ಲಿ ಒಬ್ಬ ಅಭಿಮಾನಿ ಸಿಟ್ಟಿಗೆ ತನ್ನ ಆಟದ ಯಂತ್ರವನ್ನೇ ನೆಲಕ್ಕೆ ಬಡಿದು ಒಡೆದಿದ್ದ. ಹತ್ತುವ, ತೇಲುವ ರೀತಿಯಲ್ಲಿ ಋಣ ಇರುವುದು ನಿಜ. ಆದರೆ ಜೆಲ್ಡಾದಲ್ಲಿ ಮಳೆ ಬಂದರೆ ಬಂಡೆ ಜಾರುತ್ತದೆ, ಗೆನ್ಶಿನ್‌ನಲ್ಲಿ ಜಾರುವುದಿಲ್ಲ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಬಲ್ಲ ನನಗೆ ಜೆಲ್ಡಾದ ಮಳೆಯೇ ನಿಜವಾದ ಮಳೆ ಅನ್ನಿಸಿದೆ.

ನೀವು ಶಿಕ್ಷಕಿ, ಯಕ್ಷಗಾನದ ಊರಿನವರು. ಅದಕ್ಕೇ ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಚೀನಾವನ್ನೇ ಹೋಲುವ ಲಿಯುಯೆ ಎಂಬ ದೇಶಕ್ಕೆ 2022ರ ಜನವರಿಯಲ್ಲಿ ಯುನ್ ಜಿನ್ ಎಂಬ ಪಾತ್ರ ಬಂತು. ಅವಳು ಅಲ್ಲಿಯ ರಂಗಮಂಡಳಿಯ ನಾಯಕಿ, ಭರ್ಜಿ ಹಿಡಿದು ಹೋರಾಡುತ್ತಾಳೆ. ಕಥೆಯ ಒಂದು ಹಂತದಲ್ಲಿ ವೇದಿಕೆ ಏರಿ ಹಾಡುತ್ತಾಳೆ. ಅದಕ್ಕೆ ದನಿ ಕೊಟ್ಟವರು ಶಾಂಘೈನ ಪೀಕಿಂಗ್ ಒಪೆರಾ ಕಲಾವಿದೆ ಯಾಂಗ್ ಯಾಂಗ್. ಒಪೆರಾದ ಹೆಸರನ್ನೂ ಕೇಳಿರದ ದೇಶಗಳ ಹುಡುಗರು ಆ ಪದವನ್ನು ಮತ್ತೆ ಮತ್ತೆ ಕೇಳಿದರು, ಬಾಯಿಪಾಠ ಮಾಡಿದರು. ಆಟದ ತಂಡ ತನ್ನ ನಾಡಿನ ರಂಗಕಲೆಯನ್ನು ಅಲಂಕಾರಕ್ಕೆ ಮೂಲೆಯಲ್ಲಿ ನಿಲ್ಲಿಸದೆ ಕಥೆಯ ನಡುವಿಗೇ ತಂದು ಕೂರಿಸಿತು, ಹಾಡುವ ಕೆಲಸವನ್ನು ಹಾಡಬಲ್ಲವರಿಗೇ ಒಪ್ಪಿಸಿತು. ನಮ್ಮ ಕಡೆ 'ಆಟ' ಎಂದರೆ ಯಕ್ಷಗಾನ. ಬಡಗಿನ ಭಾಗವತರ ಪದಕ್ಕೆ, ಕೇದಗೆ ಮುಂದಲೆಗೆ, ಸಾಗರದ ಗುಡಿಗಾರರ ಕೆತ್ತನೆಗೆ, ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರಕ್ಕೆ ಇಂಥ ಮರ್ಯಾದೆ ಕೊಡುವ ಮೊಬೈಲ್ ಆಟ ಬರಬೇಕೆಂದು ನನಗೆ ಬಹಳ ಆಸೆ. ಪುಣೆಯ ತಂಡವೊಂದು 2020ರಲ್ಲಿ ನಮ್ಮ ಪುರಾಣಗಳನ್ನು ಇಟ್ಟುಕೊಂಡು 'ರಾಜಿ' ಎಂಬ ಆಟ ತಂದಿತು. ಗಾತ್ರದಲ್ಲಿ ಚಿಕ್ಕದಾದರೂ ಶ್ರದ್ಧೆಯ ಕೆಲಸ ಅದು.

ಸುಮೇರುವಿನ ವಿಷಯದಲ್ಲಿ ಇದೇ ತಂಡ ಅಷ್ಟು ಶ್ರದ್ಧೆ ತೋರಲಿಲ್ಲ. ಹೆಸರು, ಉಡುಪು, ಸಂಗೀತಗಳನ್ನು ಭಾರತ, ಪರ್ಷಿಯಾ, ಅರಬ್ ನಾಡು, ಈಜಿಪ್ಟ್‌ಗಳಿಂದ ತಂದು ಬೆರೆಸಿದರು. ಆದರೆ ಅಲ್ಲಿಯ ಮುಖ್ಯ ಪಾತ್ರಗಳಲ್ಲಿ ಬಹುಪಾಲು ಬಿಳಿಬಿಳಿ ಮೈಬಣ್ಣದವು. ಇದನ್ನು ಆಟಗಾರರೇ ಎತ್ತಿ ಹೇಳಿದರು. 2024ರಲ್ಲಿ ನಾಟ್ಲಾನ್ ಎಂಬ ಇನ್ನೊಂದು ದೇಶ ಬಂದಾಗ ಆಕ್ಷೇಪ ಮತ್ತೂ ಗಟ್ಟಿಯಾಯಿತು. ನಮ್ಮ ಶಬ್ದವನ್ನು ಕೊಂಡೊಯ್ದವರು ನಮ್ಮ ಬಣ್ಣವನ್ನು ಬಿಟ್ಟುಹೋದದ್ದು ನನಗೆ ನೋವಿನ ಸಂಗತಿ. ನಿಮ್ಮ ಮೊಮ್ಮಗಳೂ ಅದನ್ನು ಗಮನಿಸಿದ್ದಾಳೆಯೇ, ಕೇಳಿ ನೋಡಿ.

ಇನ್ನು ದುಡ್ಡಿನ ವಿಷಯ. ಆಟ ಇಳಿಸಿಕೊಳ್ಳಲು ಕಾಸಿಲ್ಲ. ಕಥೆಯನ್ನು ಒಂದು ರೂಪಾಯಿಯೂ ಕೊಡದೆ ಮುಗಿಸಬಹುದು, ಇದು ಸತ್ಯ. ಸಂಸ್ಥೆಗೆ ಆದಾಯ ಬರುವುದು 'ಗಚಾ' ಎಂಬ ವ್ಯವಸ್ಥೆಯಿಂದ. ಜಪಾನಿನಲ್ಲಿ ನಾಣ್ಯ ಹಾಕಿ ತಿರುವಿದರೆ ಒಳಗೇನಿದೆ ಎಂದು ತಿಳಿಯದ ಆಟಿಕೆಯ ಡಬ್ಬಿ ಬೀಳುವ ಯಂತ್ರಗಳಿವೆ, ಹೆಸರು ಅಲ್ಲಿಂದ ಬಂದದ್ದು. ನಮ್ಮ ಬಾಲ್ಯದ ಗೂಡಂಗಡಿಗಳಲ್ಲಿ ಚಿಲ್ಲರೆ ಕೊಟ್ಟು ಚೀಟಿ ಹರಿದು ಬಹುಮಾನ ನೋಡುತ್ತಿದ್ದೆವಲ್ಲ, ಅದೇ. ಹೊಸ ಪಾತ್ರ ಬೇಕೆಂದರೆ ಇಲ್ಲಿಯೂ ಚೀಟಿ ಎತ್ತಬೇಕು. ಮಕ್ಕಳು ಅದಕ್ಕೆ 'ಪುಲ್' ಎನ್ನುತ್ತಾರೆ.

ಲೆಕ್ಕ ಹೀಗಿದೆ. ಅತಿ ಅಪರೂಪದ ಐದು ನಕ್ಷತ್ರದ ಪಾತ್ರ ಒಂದು ಎತ್ತಿಗೆ ಸಿಗುವ ಸಾಧ್ಯತೆ ಶೇ. 0.6. ಹತ್ತು ಸಲ ಎತ್ತಿದರೂ ಸಿಗುವುದು ನೂರರಲ್ಲಿ ಆರು ಮಂದಿಗೆ ಮಾತ್ರ. 90ನೆಯ ಎತ್ತಿಗೆ ಒಂದು ಖಾತ್ರಿ. ಆದರೆ ಸಿಕ್ಕಿದ್ದು ಮಗು ಬಯಸಿದ ಪಾತ್ರವೇ ಎಂದೇನಿಲ್ಲ, ಆ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ತಪ್ಪಿದರೆ ಮತ್ತೆ 90. ಅಂದರೆ ಅದೃಷ್ಟ ಪೂರ್ತಿ ಕೈಕೊಟ್ಟರೆ 180 ಸಲ ಎತ್ತಬೇಕು. ಒಂದು ಎತ್ತಿಗೆ ಆಟದೊಳಗಿನ ನಾಣ್ಯವಾದ ಹರಳು 160 ಬೇಕು, 180ಕ್ಕೆ 28,800. ಅಮೆರಿಕದ ದರದಲ್ಲಿ ಸುಮಾರು 100 ಡಾಲರಿಗೆ 8,080 ಹರಳು ಸಿಗುತ್ತದೆ. ಅದರಂತೆ ಒಂದೇ ಒಂದು ಪಾತ್ರಕ್ಕೆ ಸುಮಾರು 350 ಡಾಲರ್, ನಮ್ಮ ಹಣದಲ್ಲಿ ಮೂವತ್ತು ಸಾವಿರ ರೂಪಾಯಿಯ ಆಸುಪಾಸು. ಆಡುತ್ತ ಆಡುತ್ತ ಪುಕ್ಕಟೆ ಹರಳು ಸಿಗುತ್ತದೆ, ತಾಳ್ಮೆಯಿರುವ ಮಗು ತಿಂಗಳುಗಟ್ಟಲೆ ಕೂಡಿಡಬಹುದು. ಆದರೆ ಆ ಪಾತ್ರ ಅಂಗಡಿಯಲ್ಲಿರುವುದು ಹೆಚ್ಚೆಂದರೆ ಮೂರು ವಾರ, ಆಮೇಲೆ ಮತ್ತೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ನಿಮ್ಮ ಮೊಮ್ಮಗ ಅಂದೇ ದುಡ್ಡು ಕೇಳಿದ್ದರ ಹಿಂದೆ ಈ ಅವಸರ ಇದ್ದೀತು. ಅದು ಅವನ ದುರಾಸೆಯಲ್ಲ. ಅವಸರ ಹುಟ್ಟಲೆಂದೇ ಹೀಗೆ ಜೋಡಿಸಿದ್ದಾರೆ.

ಇನ್ನೊಂದು ಚಮತ್ಕಾರವೂ ಇದೆ. ರೂಪಾಯಿ ಕೊಟ್ಟರೆ ಒಂದು ಬಗೆಯ ಹರಳು, ಅದನ್ನು ಬದಲಿಸಿದರೆ ಇನ್ನೊಂದು ಬಗೆಯದು, ಅದನ್ನು ಕೊಟ್ಟರೆ ಎತ್ತುವ ಚೀಟಿ. ಮೂರು ಸಲ ರೂಪ ಬದಲಿಸುವಷ್ಟರಲ್ಲಿ ಮಗುವಿಗೆ ತಾನು ಖರ್ಚು ಮಾಡಿದ್ದು ಎಷ್ಟು ರೂಪಾಯಿ ಎಂಬುದೇ ಮರೆತುಹೋಗುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನೇ ಮುಖ್ಯ ಆಕ್ಷೇಪಗಳಲ್ಲಿ ಒಂದಾಗಿ ಎತ್ತಿತು. 2025ರ ಜನವರಿಯಲ್ಲಿ ಸಂಸ್ಥೆ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು, ಅಲ್ಲಿ 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಇಂಥ ಚೀಟಿ ಮಾರಬಾರದೆಂದೂ ಆಯಿತು. ಆಟ ಹುಟ್ಟಿದ ಚೀನಾದಲ್ಲೇ 2021ರಿಂದ 18 ವರ್ಷದೊಳಗಿನವರಿಗೆ ಆನ್‌ಲೈನ್ ಆಟಕ್ಕೆ ಅವಕಾಶ ಇರುವುದು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ, ರಾತ್ರಿ 8ರಿಂದ 9ರವರೆಗೆ ಒಂದೇ ಗಂಟೆ. ನಮ್ಮಲ್ಲೂ, ಲಾಟರಿಯ ಹಾವಳಿಗೆ ಎಷ್ಟೋ ಮನೆಗಳು ಹಾಳಾದದ್ದನ್ನು ಕಂಡು ಕರ್ನಾಟಕ 2007ರಲ್ಲಿ ಅದನ್ನು ನಿಷೇಧಿಸಿತು. ಆ ದಿನಗಳು ನಿಮಗೆ ನೆನಪಿರಬೇಕು. ಲಾಟರಿಯಲ್ಲಿ ಹಣ ಮರಳಿ ಬರುವ ಆಸೆಯಾದರೂ ಇತ್ತು. ಇಲ್ಲಿ ಗೆದ್ದ ಪಾತ್ರವನ್ನು ಆಟದೊಳಗೆ ಮಾರುವ ದಾರಿಯೂ ಇಲ್ಲ. ಆಟದ ಸೊಗಸಿಗೆ ಬೇಕಾದ ಹಣದ ಬಹುಪಾಲು ಈ ಚೀಟಿಯಿಂದಲೇ ಬರುತ್ತದೆ. ಯುನ್ ಜಿನ್‌ಳ ಹಾಡಿಗೂ ಅರಣ್ಯಕದ ಕಾಡಿಗೂ ಖರ್ಚು ಹುಟ್ಟಿದ್ದು ಯಾವುದೋ ಊರಿನ ಹುಡುಗ ಅವಸರದಲ್ಲಿ ಎತ್ತಿದ ಚೀಟಿಯಿಂದ. ಮೆಚ್ಚುವಾಗಲೂ ನನಗೆ ಇದು ಮರೆಯುವುದಿಲ್ಲ.

ಉಳಿದ ಕೊರತೆಗಳು ಚಿಕ್ಕವು. ಪಾತ್ರಗಳ ಮಾತು ಬಲು ಉದ್ದ, ಬಿಟ್ಟು ಮುಂದೆ ಹೋಗುವ ಸೌಲಭ್ಯ ವರ್ಷಗಟ್ಟಲೆ ಇರಲಿಲ್ಲ. ದನಿ ಇರುವುದು ಚೀನೀ, ಜಪಾನಿ, ಕೊರಿಯನ್, ಇಂಗ್ಲಿಷ್ ಭಾಷೆಗಳಲ್ಲಿ. ಬರಹ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿದೆ, ಥಾಯ್, ವಿಯೆಟ್ನಾಮಿಯೂ ಸೇರಿದಂತೆ. ಕನ್ನಡವಿರಲಿ, ಭಾರತದ ಒಂದು ಭಾಷೆಯೂ ಇಲ್ಲ. ಮೊಬೈಲಿನಲ್ಲಿ 20 ಜಿಬಿಗೂ ಮಿಕ್ಕಿ ಜಾಗ ತಿನ್ನುತ್ತದೆ, ಆರು ವಾರಕ್ಕೊಮ್ಮೆ ಹೊಸ ಕಂತು ಇಳಿಸಿಕೊಳ್ಳಬೇಕು, ಇಂಟರ್‌ನೆಟ್ ಇಲ್ಲದೆ ಒಂದು ಹೆಜ್ಜೆಯೂ ನಡೆಯದು. ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದ, ಟವರಿನ ಬ್ಯಾಟರಿಯೂ ಮುಗಿದ ಮನೆಗಳಲ್ಲಿ ಆಟ ತಾನಾಗಿ ನಿಲ್ಲುತ್ತದೆ. ಕೆಲವು ಕೆಲಸಗಳಿಗೆ 'ರೆಸಿನ್' ಎಂಬ ಕಸುವು ಬೇಕು, ಅದು ಎಂಟು ನಿಮಿಷಕ್ಕೆ ಒಂದರಂತೆ ಸೇರಿ 200ಕ್ಕೆ ನಿಲ್ಲುತ್ತದೆ. ತುಂಬಿ ಚೆಲ್ಲಿ ಹೋಗಬಾರದೆಂದು ಮಕ್ಕಳು ಪರೀಕ್ಷೆಯ ದಿನವೂ ಒಮ್ಮೆ ಇಣುಕಿ ಬರುತ್ತಾರೆ. ದಿನಾ ಬಾ ಎನ್ನುವ ಈ ಕರೆ ಪಾಠಕ್ಕೂ ನಿದ್ದೆಗೂ ಅಡ್ಡ ಬರುತ್ತದೆ.

ನೀವು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ದುಡ್ಡು ಕೊಡಬೇಡಿ, ಆಟ ಬಿಡಿಸಲೂ ಬೇಡಿ. ಮೊಬೈಲಿನ ಆ್ಯಪ್ ಅಂಗಡಿಯಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಸಿ, ಮನೆಯವರ ಯುಪಿಐಯನ್ನು ಆ ಮೊಬೈಲಿಗೆ ಜೋಡಿಸಬೇಡಿ. ಮೇಲಿನ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಮೊಮ್ಮಗನಿಂದಲೇ ಗುಣಿಸಿ. ನೀವು ಗಣಿತ ಕಲಿಸಿದವರಾದರೆ ನನಗಿಂತ ಚೆನ್ನಾಗಿ ಅದನ್ನು ಮಾಡಿಸುತ್ತೀರಿ.

ಆಟವನ್ನು ಜೊತೆಯಲ್ಲಿ ಕೂತು ನೋಡುವುದಕ್ಕೆ ನಿಮ್ಮ ಹತ್ತಿರದಲ್ಲೇ ಒಂದು ಮಾದರಿಯಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಆರಂಭಿಸಿ, ತೋಟದ ಕೆಲಸ ಮುಗಿಸಿ ಬಂದ ಹಳ್ಳಿಗರಿಗೆ ಜಗತ್ತಿನ ಸಿನಿಮಾಗಳನ್ನು ತೋರಿಸಿದರು. ಆಮೇಲೆ ಅದು ರಸಗ್ರಹಣ ಶಿಬಿರಗಳಾಗಿ ಬೆಳೆಯಿತು. ಪರದೆಯ ಮೇಲೆ ಕಂಡದ್ದನ್ನು ಕೂತು ಮಾತಾಡುವ, ಮೆಚ್ಚುವ, ಬೇಡದ್ದನ್ನು ಬೇಡವೆನ್ನುವ ರೂಢಿ ನಿಮ್ಮ ನೆರೆಯ ತಾಲ್ಲೂಕಿನಲ್ಲೇ ಐವತ್ತು ವರ್ಷದಿಂದ ಇದೆ. ಮೊಮ್ಮಗನ ಪಕ್ಕ ಕೂತು ನೀವು ಆಗಲೇ ಅದನ್ನು ಶುರುಮಾಡಿದ್ದೀರಿ. ಬರುವ ಭಾನುವಾರ ಮೂವರೂ ಆಟದಲ್ಲಿ ಸೇರಿದಾಗ ಅರಣ್ಯಕದ ಕಥೆ ಎಲ್ಲಿಗೆ ಬಂತು ಎಂದು ಕೇಳಿ. ಕಾಡು ಬೂದಾಗುವ ಭಾಗದಲ್ಲಿದ್ದರೆ, ಗೋಸುಂಬೆಯಾಗಿ ಮರ ಉಳಿಸಿದ ದರ್ಭೆಯ ದೇವತೆಯ ಕಥೆಯನ್ನು ಅವರಿಗೆ ಹೇಳಿ. ಕುಸನಾಳಿ ಎಂಬ ಹೆಸರು ಜಾತಕದಿಂದ ಬಂದದ್ದೆಂದು ಅವರಿಗೆ ಇನ್ನೂ ತಿಳಿದಿರಲಾರದು.